ಕಾಶಿಯಲ್ಲಿ ಬಿಟ್ಟ ಅವರೆಕಾಯಿ

ಕಳೆದ ವಾರ ಮಗಳನ್ನು ನೋಡಲು ಜ್ಞಾನಭಾರತಿಗೆ ಹೋಗಿದ್ದೆ. ಅವಳು ಅಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಎಂ.ಎ. ಓದುತ್ತಿದ್ದಾಳೆ. ನಾನು ಊರಿಗೆ ಹೊರಡುವ ಮೊದಲು ಏನಾದರೂ ತಿನ್ನೋಣ ಎಂದು ಇಬ್ಬರೂ ವಿಜಯನಗರಕ್ಕೆ ಬಂದೆವು. ಒಂದು ದರ್ಶಿನಿಯ ಒಳಗೆ ಕಾಲಿಟ್ಟೆವೋ ಇಲ್ಲವೋ, ಅವರೆಕಾಯಿಯ ಸೊಗಡು ಮುಖಕ್ಕೆ ಹೊಡೆಯಿತು. ಚಳಿಗಾಲ ಬಂತೆಂದರೆ ಬೆಂಗಳೂರಿನ ಹೋಟೆಲುಗಳಿಗೆಲ್ಲ ಅವರೆಯ ಹುಚ್ಚು ಹಿಡಿಯುತ್ತದೆ. ದೋಸೆಗೂ ಅವರೆಬೇಳೆ, ಉಪ್ಪಿಟ್ಟಿಗೂ ಅವರೆಕಾಳು, ರೊಟ್ಟಿಗೂ ಅದೇ. ಮಗಳು ದೋಸೆ ಹೇಳಿದಳು. ನನಗೆ ಕಾಫಿ ಸಾಕು ಅಂದೆ. ಟೋಕನ್ ಕೊಡುವವನು ಬಿಡಲಿಲ್ಲ. ಆಂಟಿ ನೀವೂ ಒಂದು ಪ್ಲೇಟ್ ತಗೊಳ್ಳಿ, ಇವತ್ತು ಕಾಳು ಎಳೇದಿದೆ ಎಂದು ಒತ್ತಾಯ ಮಾಡಿದ. ಅವರೆ ಬಿಟ್ಟಿದ್ದೀನಪ್ಪ ಎಂದದ್ದಕ್ಕೆ, ಕಾಶಿಗೆ ಹೋಗಿ ಬಂದ್ರಾ ಎಂದು ಕೇಳಿದ.

ಕಾಶಿ ಎಲ್ಲಿ, ನಾನೆಲ್ಲಿ. ಹುಬ್ಬಳ್ಳಿಯಿಂದ ಆಚೆಗೆ ಹೋದವಳಲ್ಲ ನಾನು. ಅವರೆ ಬಿಟ್ಟದ್ದು ಇಲ್ಲೇ ಪಕ್ಕದ ಚಂದ್ರಾ ಲೇಔಟಿನ ಒಂದು ಸಣ್ಣ ಗಣಪತಿ ಗುಡಿಯಲ್ಲಿ, ನಮ್ಮತ್ತೆಗೋಸ್ಕರ. ಅತ್ತೆ ತೀರಿಕೊಂಡು ವರ್ಷಗಳೇ ಆದವು. ಹೋಗುವ ಮೊದಲು, ನೀನಿನ್ನು ತಿನ್ನು ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು. ನನ್ನಿಂದಾಗಿಲ್ಲ. ಕಾಫಿ ಹಿಡಿದುಕೊಂಡು ನಿಂತವಳಿಗೆ ಆ ಒಂದು ಚಳಿಗಾಲ ಪೂರ್ತಿ ಕಣ್ಣ ಮುಂದೆ ಬಂತು.

ನಮ್ಮದು ತುರುವೇಕೆರೆ ಕಡೆಯ ಊರು. ಅತ್ತೆಯ ಹೆಸರು ಪಾರ್ವತಮ್ಮ. ಎಲೆ ಅಡಿಕೆಯ ಜೊತೆ ಒಂದು ಚೂರು ಹೊಗೆಸೊಪ್ಪು ದವಡೆಗಿಟ್ಟುಕೊಳ್ಳುವುದು ಅವರಿಗೆ ಮದುವೆಯಾಗಿ ಬಂದಾಗಿನಿಂದ ಇದ್ದ ಅಭ್ಯಾಸ. ಆ ವರ್ಷ ಶ್ರಾವಣದಲ್ಲಿ ಎಡಗೆನ್ನೆಯ ಒಳಗೆ ಒಂದು ಹುಣ್ಣಾಯಿತು. ಉಷ್ಣ ಎಂದು ಮಜ್ಜಿಗೆ ಕುಡಿದರು, ತುಪ್ಪ ಸವರಿದರು, ಯಾರಿಗೂ ಹೇಳಲಿಲ್ಲ. ದೀಪಾವಳಿ ಹೊತ್ತಿಗೆ ಬಾಯಿ ಪೂರ್ತಿ ತೆರೆಯಲು ಕಷ್ಟವಾದಾಗ ನಮಗೆ ಗೊತ್ತಾಯಿತು. ತುಮಕೂರಿನ ಡಾಕ್ಟರು ನೋಡಿದ ಕೂಡಲೇ ಬೆಂಗಳೂರಿಗೆ ಬರೆದುಕೊಟ್ಟರು. ಇಲ್ಲಿ ಪರೀಕ್ಷೆಗಳೆಲ್ಲ ಆದ ಮೇಲೆ ಆಪರೇಷನ್ ಬೇಡ, ಕರೆಂಟು ಕೊಡೋಣ ಎಂದರು. ರೇಡಿಯೇಷನ್ನಿಗೆ ನಮ್ಮ ಕಡೆ ಎಲ್ಲರೂ ಕರೆಂಟು ಎಂದೇ ಹೇಳುವುದು. ಅತ್ತೆ ಅದನ್ನು ಕೇಳಿ ಮೊದಲ ದಿನ ನಿಜವಾಗಿಯೂ ಹೆದರಿದ್ದರು.

ಮಗಳಿಗೆ ಆಗ ಎಸ್ಸೆಸ್ಸೆಲ್ಸಿ. ಅವಳ ಜೊತೆಗೆ ನಮ್ಮ ಯಜಮಾನರು ಊರಿನಲ್ಲೇ ಉಳಿದರು. ಅವರಿಗೆ ಬಟ್ಟೆ ಅಂಗಡಿಯೂ ಇತ್ತು. ನಾನೂ ಅತ್ತೆಯೂ ಬೆಂಗಳೂರಿಗೆ ಬಂದೆವು. ಚಂದ್ರಾ ಲೇಔಟಿನಲ್ಲಿ ಯಜಮಾನರ ಸ್ನೇಹಿತರೊಬ್ಬರ ಮನೆಯ ಮಹಡಿ ಮೇಲೆ ಒಂದು ಕೋಣೆ ಖಾಲಿ ಇತ್ತು. ಒಳ್ಳೆಯ ಜನ, ಬಾಡಿಗೆಯ ಮಾತೇ ಎತ್ತಲಿಲ್ಲ. ಆದರೆ ಆ ಕೋಣೆಯಲ್ಲಿ ಒಲೆ ಹಚ್ಚಲು ಜಾಗವಿರಲಿಲ್ಲ. ಕೆಳಗೆ ಅವರ ಮನೆಯಲ್ಲೇ ಊಟ ಮಾಡಿ ಎಂದರು, ಅತ್ತೆ ಸುತರಾಂ ಒಪ್ಪಲಿಲ್ಲ. ದಿನಗಟ್ಟಲೆ ಇನ್ನೊಬ್ಬರ ಮನೆಯ ಹೆಂಗಸಿನ ಕೈಯಲ್ಲಿ ಬೇಯಿಸಿಕೊಂಡು ತಿನ್ನುವುದಕ್ಕಿಂತ ಹೋಟೆಲೇ ವಾಸಿ ಎಂದರು. ಹಾಗೆ ಹೇಳಿದವರು ಹುಟ್ಟಿದಾಗಿನಿಂದ ಹೋಟೆಲಿನಲ್ಲಿ ಒಂದು ಲೋಟ ಕಾಫಿ ಬಿಟ್ಟು ಏನನ್ನೂ ಮುಟ್ಟಿದವರಲ್ಲ. ಮದುವೆ ಜವಳಿಗೆಂದು ಬೆಂಗಳೂರಿಗೆ ಬಂದಾಗಲೂ ಬುತ್ತಿ ಕಟ್ಟಿಕೊಂಡು ಬಂದು, ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಿಚ್ಚುತ್ತಿದ್ದರು.

ಕರೆಂಟು ಶುರು ಮಾಡುವ ಮೊದಲು ಮುಖಕ್ಕೆ ಅಚ್ಚು ತೆಗೆಯಬೇಕು, ಹಲ್ಲು ನೋಡಬೇಕು, ಸರದಿ ಬರಬೇಕು. ಅಲ್ಲಿಯವರೆಗೆ ಕಾಯಿರಿ ಎಂದರು. ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ವಿವರವಾಗಿ ಹೇಳಿದರು. ಶುರುವಾಗಿ ಎರಡು ಮೂರು ವಾರಕ್ಕೆ ನಾಲಿಗೆಯ ರುಚಿ ಹೋಗುತ್ತದೆ, ಬಾಯಿ ಒಣಗುತ್ತದೆ, ಕೆಲವರಿಗೆ ಆಮೇಲೆ ರುಚಿ ತಿರುಗಿ ಬರುತ್ತದೆ, ಕೆಲವರಿಗೆ ಅಷ್ಟಾಗಿ ಬರುವುದಿಲ್ಲ. ಈಗ ಇಷ್ಟವಾದದ್ದನ್ನೆಲ್ಲ ತಿನ್ನಿಸಿಬಿಡಿ ಎಂದರು. ಗುಣವಾಗುತ್ತದಾ ಎಂದು ಕೇಳಿದೆ. ಪ್ರಯತ್ನ ಮಾಡೋಣ ಎಂದರು. ಆ ಮಾತಿನ ಅರ್ಥ ನನಗೂ ಆಯಿತು, ಅಷ್ಟು ದೂರದ ಬೆಂಚಿನಲ್ಲಿ ಕೂತು ನಮ್ಮ ಮುಖ ನೋಡುತ್ತಿದ್ದ ಅತ್ತೆಗೂ ಆಯಿತು ಅಂತ ಕಾಣುತ್ತದೆ. ಹೊರಗೆ ಬಂದವರೇ, ಹಸಿವಾಗ್ತೈತೆ ಎಂದರು.

ಅವತ್ತು ಅವರನ್ನು ಮೊದಲ ಸಲ ದರ್ಶಿನಿಗೆ ಕರೆದುಕೊಂಡು ಹೋದೆ. ಎತ್ತರದ ಮೇಜಿನ ಮುಂದೆ ಜನ ನಿಂತುಕೊಂಡು ತಿನ್ನುವುದನ್ನು ನೋಡಿ, ಇವರಿಗೆಲ್ಲ ಬಸ್ಸು ತಪ್ಪಿ ಹೋಗುತ್ತದಾ ಎಂದು ಕೇಳಿದರು. ಕೂರುವ ಜಾಗ ಹುಡುಕಿ ಕೂರಿಸಿ ಖಾಲಿದೋಸೆ ತಂದುಕೊಟ್ಟೆ. ಮೆತ್ತಗಿರುವುದೇ ಬೇಕಿತ್ತು. ಚಿಕ್ಕ ಚಿಕ್ಕ ಚೂರು ಮಾಡಿ ಬಲಗಡೆಯ ದವಡೆಗೆ ಹಾಕಿಕೊಂಡು ತಿಂದರು. ತಿಂದಾದ ಮೇಲೆ ನಾನು ಕಾಫಿ ತರಲು ಹೋದೆ, ಬರುವಷ್ಟರಲ್ಲಿ ಅತ್ತೆ ಜಾಗದಲ್ಲಿಲ್ಲ. ನೋಡಿದರೆ ಕೈ ತೊಳೆಯುವ ನಲ್ಲಿಯ ಕೆಳಗೆ ತಾವು ತಿಂದ ತಟ್ಟೆಯನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಾರೆ. ಮೇಜು ಒರೆಸುವವನು ಪಕ್ಕದಲ್ಲಿ ನಿಂತು, ಅಜ್ಜೀ ಬಿಡಿ, ಬಿಡಿ ಎಂದು ಬೇಡಿಕೊಳ್ಳುತ್ತಿದ್ದಾನೆ. ನಾನು ತಿಂದ ಎಂಜಲು ತಟ್ಟೆಯನ್ನು ನೀನ್ಯಾಕಪ್ಪ ತೊಳೀಬೇಕು ಎಂದು ಇವರ ವಾದ. ನನಗೆ ನಗು ತಡೆಯಲಾಗಲಿಲ್ಲ.

ಕೋಣೆಗೆ ನಡೆದುಕೊಂಡು ಬರುವಾಗ ಅತ್ತೆ ಒಂದು ಮಾತು ಹೇಳಿದರು. "ಬಿಸಿ ದೋಸೆ ಕೂತ್ಕೊಂಡು ತಿಂದಿದ್ದು ಇದೇ ಮೊದಲು ಕಣೇ ಸುಮಾ. ಮನೇಲಿ ಎಲ್ಲರ್ಗೂ ಹುಯ್ದು ಹುಯ್ದು ಕೊನೇಗೆ ನಂಗೆ ಅಂತ ಹುಯ್ಕೊಳೋ ಹೊತ್ಗೆ ಸಾಕಾಗಿರ್ತಿತ್ತು. ತಣ್ಣಗಾಗಿದ್ದನ್ನೇ ತಿಂದು ಎದ್ದುಬಿಡ್ತಿದ್ದೆ."

ಅದನ್ನು ಅವರು ದೂರಿನಂತೆ ಹೇಳಲಿಲ್ಲ. ಸರಿ, ಸರದಿ ಬರುವವರೆಗೆ ದಿನಾ ಒಂದೊಂದು ಹೋಟೆಲಿಗೆ ಕರೆದುಕೊಂಡು ಹೋಗುತ್ತೇನೆ, ಬಿಸಿಬಿಸಿಯಾಗಿ ಮೊದಲು ಅವರಿಗೇ ತಿನ್ನಿಸುತ್ತೇನೆ ಎಂದು ನಿಶ್ಚಯ ಮಾಡಿಕೊಂಡೆ.

ಆಮೇಲೆ ನಾವು ತಿರುಗಿದ್ದೇ ತಿರುಗಿದ್ದು. ಬಸವೇಶ್ವರನಗರದಲ್ಲಿ ಅತ್ತೆ ಗೋಬಿ ಮಂಚೂರಿಯ ಒಂದು ಚೂರು ಬಾಯಿಗಿಟ್ಟುಕೊಂಡು, ಪಾಪ ಹೂಕೋಸು ಇವರಿಗೇನು ಮಾಡಿತ್ತು ಎಂದು ಕೇಳಿದರು. ಭಾನುವಾರ ಯಜಮಾನರೂ ಮಗಳೂ ಬಂದಾಗ ರಾಜಾಜಿನಗರದ ಒಂದು ಏಸಿ ಹೋಟೆಲಿಗೆ ಹೋದೆವು. ಮೊದಲು ಸೂಪು ತಂದಿಟ್ಟರು. ಅತ್ತೆ ಬಟ್ಟಲನ್ನು ನೋಡಿದರು, ನಮ್ಮ ಮುಖ ನೋಡಿದರು, ಆಮೇಲೆ ಬಿಳಿ ಅಂಗಿಯ ಸಪ್ಲೈಯರನ್ನು ಕರೆದು, ಸಾರು ಬಂತು ಅನ್ನ ಮರೆತೆಯಲ್ಲಪ್ಪ ಎಂದು ಮೆಲ್ಲಗೆ ಹೇಳಿದರು. ಅವನು ನಗಲಿಲ್ಲ, ಹೋಗಿ ಒಂದು ಬಟ್ಟಲು ಅನ್ನ ತಂದಿಟ್ಟ. ಅವರು ಸೂಪಿಗೆ ಅನ್ನ ಕಲಸಿಕೊಂಡು ತಿಂದು, ಹುಣಸೆಹಣ್ಣು ಸ್ವಲ್ಪ ಕಮ್ಮಿ ಎಂದು ತೀರ್ಪು ಕೊಟ್ಟರು. ಮಗಳು ಫೋಟೋ ತೆಗೆದಳು. ಇವತ್ತಿಗೂ ನಮ್ಮ ಮನೆಯಲ್ಲಿ ಅತ್ತೆಯ ಒಳ್ಳೆಯ ಫೋಟೋ ಎಂದರೆ ಅದೇ.

ಅಷ್ಟರಲ್ಲಿ ಅವರೆಕಾಯಿ ಬಂತು.

ವಿಜಯನಗರದ ಮಾರುಕಟ್ಟೆಯ ಬೀದಿಯಲ್ಲಿ ಚೀಲಗಟ್ಟಲೆ ಸುರಿದಿದ್ದರು. ಹೋಟೆಲುಗಳ ಮುಂದೆ ಹೊಸ ಬೋರ್ಡು ಬಂದವು. ಅತ್ತೆ ನಡೆಯುವುದನ್ನು ನಿಲ್ಲಿಸಿ, ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಒಂದು ಕಾಯಿ ತೆಗೆದು ಉಗುರಿನಲ್ಲಿ ಸಿಪ್ಪೆ ಗೀರಿ ಮೂಸಿದರು. ಸೊಗಡು ಐತೆ ಎಂದರು. ಆ ಕಾಯಿಯನ್ನು ಮತ್ತೆ ರಾಶಿಗೆ ಹಾಕಿ ಎದ್ದರು. ಮಾರುವವಳು ಎಷ್ಟು ಹಾಕಲಿ ಎಂದು ತಕ್ಕಡಿ ಎತ್ತಿಕೊಂಡು ಕಾಯುತ್ತಲೇ ಇದ್ದಳು.

ಅತ್ತೆ ಅವರೆ ತಿನ್ನುತ್ತಿರಲಿಲ್ಲ. ಮಾವ ತೀರಿಕೊಂಡ ಮಾರನೆಯ ವರ್ಷ ಊರಿನ ಭಜನೆಯವರ ಜೊತೆ ಕಾಶಿಗೆ ಹೋಗಿದ್ದರು. ಕಾಶಿಗೆ ಹೋದವರು ಒಂದು ಕಾಯಿಯನ್ನೋ ಹಣ್ಣನ್ನೋ ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಅದನ್ನು ಬಾಯಿಗೆ ಹಾಕಬಾರದು ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಜಾಣರು ಊರು ಬಿಡುವ ಮೊದಲೇ ಲೆಕ್ಕ ಹಾಕಿಕೊಂಡಿರುತ್ತಾರೆ. ನಮ್ಮೂರಿನವರಲ್ಲಿ ಒಬ್ಬರು ಸೀಮೆಬದನೆ ಬಿಟ್ಟರು, ಒಬ್ಬರು ಪಡವಲಕಾಯಿ ಬಿಟ್ಟರು, ಭಜನೆಯ ಹಾರ್ಮೋನಿಯಂ ನುಡಿಸುವವರು ಎಂದೂ ಕಣ್ಣಲ್ಲಿ ನೋಡದ ಯಾವುದೋ ಹಣ್ಣು ಬಿಟ್ಟು ಬಂದರು. ಅತ್ತೆ ಮಾತ್ರ ಅವರೆಕಾಯಿ ಬಿಟ್ಟು ಬಂದರು. ಅವರಿಗೆ ಜೀವಕ್ಕೆ ಜೀವ ಅದು. ಚಳಿಗಾಲವಿಡೀ ಬೆಳಿಗ್ಗೆ ಸಂಜೆ ಅದೇ ಮಾಡಿದರೂ ಬೇಸರವಾಗದವರು. ಯಾಕತ್ತೆ ಅದನ್ನೇ ಬಿಟ್ಟಿರಿ ಎಂದು ಕೇಳಿದರೆ, ಬೇಡದ್ದನ್ನು ಬಿಟ್ಟರೆ ಅದು ಬಿಟ್ಟ ಹಾಗಾ ಎಂದು ನನ್ನನ್ನೇ ಕೇಳಿದ್ದರು. ಅಂದಿನಿಂದ ಪ್ರತಿ ವರ್ಷ ನಮಗೆಲ್ಲ ಕಾಳು ನೆನೆಹಾಕಿ, ಒಂದೊಂದೇ ಹಿತಕಿ, ಬೇಳೆ ತೆಗೆದು ಸಾರು ಮಾಡಿಕೊಡುವರು. ತಾವು ಉಪ್ಪಿನಕಾಯಿ ಮಜ್ಜಿಗೆಯಲ್ಲಿ ಮುಗಿಸುವರು. ನಾನು ರೇಗಿಸುತ್ತಿದ್ದೆ, ಗಂಗಮ್ಮನಿಗೆ ನಮ್ಮ ತುಮಕೂರು ಸೀಮೆಯ ಅವರೆಯ ರುಚಿ ಏನು ಗೊತ್ತು, ಸುಮ್ಮನೆ ದಂಡ ಎನ್ನುತ್ತಿದ್ದೆ. ಅವರು ನಕ್ಕುಬಿಡುತ್ತಿದ್ದರು.

ಈಗ ರೇಗಿಸಲು ಮನಸ್ಸು ಬರಲಿಲ್ಲ. ಇನ್ನು ಕೆಲವು ದಿನಕ್ಕೆ ನಾಲಿಗೆ ಹೋಗುತ್ತದೆ. ಬರುವ ವರ್ಷದ ಅವರೆ ಕಾಲಕ್ಕೆ ಇವರು ಇರುತ್ತಾರೋ ಇಲ್ಲವೋ. ಒಂದೇ ಒಂದು ಸಲ, ನಾಲಿಗೆಗೆ ಗೊತ್ತಾಗುತ್ತಿರುವಾಗಲೇ, ಒಂದು ಬಟ್ಟಲು ಹಿತಕಿದ ಬೇಳೆಯ ಸಾರು ಇವರ ಹೊಟ್ಟೆಗೆ ಹೋಗಬೇಕು. ಇದೊಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೇರೆ ಯಾವುದೂ ನನ್ನ ಕೈಯಲ್ಲಿರಲಿಲ್ಲವಲ್ಲ, ಅದಕ್ಕೇ ಇರಬೇಕು ಅಷ್ಟು ಹಟ ಹಿಡಿದದ್ದು.

ಅತ್ತೆಯನ್ನು ಕೇಳಿದೆ, ಆಗಲ್ಲ ಎಂದರು. ಕಾಯಿಲೆಯವರಿಗೆ ಯಾವ ನೇಮವೂ ಇಲ್ಲ ಎಂದೆ, ನಂಗೆ ಐತೆ ಎಂದರು. ಯಜಮಾನರಿಗೆ ಫೋನ್ ಮಾಡಿ ನೀವಾದರೂ ಹೇಳಿ ಎಂದು ಗೋಗರೆದೆ. ಅಮ್ಮ ಕೇಳುವವಳಲ್ಲ, ಸುಮ್ಮನೆ ಮನಸ್ಸಿಗೆ ಯಾಕೆ ನೋವು ಕೊಡುತ್ತೀ ಎಂದು ಅವರು ನನಗೇ ಬುದ್ಧಿ ಹೇಳಿದರು. ಮಗ ಅಲ್ಲವೇ, ತಾಯಿಯ ಹಟದ ಮುಂದೆ ಯಾವತ್ತೂ ಹಾಗೆಯೇ.

ಡಿಸೆಂಬರ್ ಕೊನೆಯಲ್ಲಿ ಕರೆಂಟು ಶುರುವಾಯಿತು. ಬೆಳಿಗ್ಗೆ ಹೋಗುವುದು, ಕಾಯುವುದು, ಮುಖಕ್ಕೆ ಬಲೆಯಂಥ ಅಚ್ಚು ಹಾಕಿ ಮಲಗಿಸುವುದು, ಒಂದೆರಡು ಹಾಡು ಕೇಳುವಷ್ಟು ಹೊತ್ತು ಯಂತ್ರ ಗುಂಯ್ ಎನ್ನುವುದು, ಮುಗಿಯಿತು. ಹೊರಗೆ ಬಂದಾಗ ಅತ್ತೆಯ ಕೆನ್ನೆಯ ಮೇಲೆ ಬಲೆಯ ಗುರುತು ಮೂಡಿರುತ್ತಿತ್ತು. ನೋಯಲಿಲ್ಲ ಎಂದೇ ಹೇಳುತ್ತಿದ್ದರು. ವಾಪಸ್ ಬರುವಾಗ ಊಟ. ಮೊದಲ ವಾರ ಏನೂ ಆಗಲಿಲ್ಲ. ಆಮೇಲೆ ಬಾಯೊಳಗೆ ಕೆಂಪಾಗತೊಡಗಿತು, ಅಗಿಯಲು ಆಗದೆ ದೋಸೆಯೂ ಬೇಡವಾಯಿತು. ಆಗ ಸಿಕ್ಕಿದ್ದು ಗೌರಮ್ಮನ ಹೋಟೆಲು.

ಮಾಗಡಿ ರಸ್ತೆಗೆ ಸೇರುವ ಒಂದು ಗಲ್ಲಿಯಲ್ಲಿ ಗೌರಮ್ಮನೂ ಗಂಡನೂ ಸೇರಿ ನಡೆಸುತ್ತಿದ್ದ ಮುದ್ದೆ ಊಟದ ಹೋಟೆಲು ಅದು. ನಾಲ್ಕೇ ಮೇಜು. ಆಟೋದವರು, ಗಾರೆ ಕೆಲಸದವರು, ಊಟದ ಡಬ್ಬಿ ಹಂಚುವ ಹುಬ್ಬಳ್ಳಿ-ವಿಜಯಪುರ ಕಡೆಯವರು ಬರುತ್ತಿದ್ದರು. ಮುದ್ದೆ ಅಗಿಯುವ ಹಾಗಿಲ್ಲ, ನುಂಗಿದರೆ ಸಾಕು. ನಮ್ಮತ್ತೆಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು. ಗೌರಮ್ಮ ಮೊದಲ ದಿನವೇ ಅತ್ತೆಯ ಕೆನ್ನೆ ನೋಡಿ ವಿಷಯ ತಿಳಿದುಕೊಂಡಳು, ಏನೂ ಕೇಳಲಿಲ್ಲ. ಮಾರನೆಯ ದಿನದಿಂದ ಅವರ ಮುದ್ದೆಯನ್ನು ಇನ್ನಷ್ಟು ಸಡಿಲವಾಗಿ ತೊಳಸಿ, ಖಾರ ಹಾಕುವ ಮೊದಲೇ ಒಂದು ಬಟ್ಟಲು ಸೊಪ್ಪಿನ ಸಾರು ಎತ್ತಿಟ್ಟು, ಮೇಲೆ ಒಂದು ಚಮಚ ತುಪ್ಪ ಹಾಕಿ ತರುತ್ತಿದ್ದಳು. ಜನ ಜಾಸ್ತಿಯಾಗುವ ಮೊದಲು ಬಂದುಬಿಡಿ, ನಿಧಾನಕ್ಕೆ ಕೂತು ಉಣ್ಣಬಹುದು ಎಂದು ಅವಳೇ ಹೇಳಿದ್ದಳು. ಹಾಗಾಗಿ ನಾವು ಹನ್ನೆರಡು ಹೊಡೆಯುವ ಮೊದಲೇ ಹೋಗುತ್ತಿದ್ದೆವು.

ಅಲ್ಲಿಯೂ ಹಿತಕಿದ ಬೇಳೆಯ ಸಾರು ಇತ್ತು. ಕೊತ್ತಂಬರಿ, ಕೊಬ್ಬರಿ, ಚೆಕ್ಕೆ ಲವಂಗ ರುಬ್ಬಿ ಹಾಕಿ ಕುದಿಸಿದ ಆ ಸಾರಿನ ಗಮಲು ಗಲ್ಲಿಯ ತಿರುವಿಗೇ ಬರುತ್ತಿತ್ತು. ಅತ್ತೆ ತಮ್ಮ ಸೊಪ್ಪಿನ ಸಾರು ಕಲಸಿಕೊಳ್ಳುತ್ತಾ ಒಂದು ಕ್ಷಣ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದರು. ಅದನ್ನು ನೋಡಿ ನೋಡಿ ನನಗೆ ಒಂದು ಉಪಾಯ ಹೊಳೆಯಿತು.

ಅವರು ಬಿಟ್ಟದ್ದನ್ನು ನಾನು ವಹಿಸಿಕೊಂಡರೆ? ಮನೆಯವರ ಹರಕೆಯನ್ನು ಮನೆಯ ಇನ್ನೊಬ್ಬರು ತೀರಿಸುವುದಿಲ್ಲವೇ, ಹಾಗೆ. ಇನ್ನು ಮೇಲೆ ನಾನು ಅವರೆ ಬಿಡುತ್ತೇನೆ, ಅವರು ತಿನ್ನಲಿ. ಚಂದ್ರಾ ಲೇಔಟಿನ ಗಣಪತಿ ಗುಡಿಯ ಅರ್ಚಕರನ್ನು ಹೋಗಿ ಕೇಳಿದೆ. ಅವರು ತುಂಬಾ ಹೊತ್ತು ಯೋಚನೆ ಮಾಡಿ, ಶಾಸ್ತ್ರದಲ್ಲಿ ಹಾಗೆ ಇರುವುದು ನನಗೆ ಗೊತ್ತಿಲ್ಲ ತಾಯಿ, ಆದರೆ ಬೇಡ ಎಂದೂ ಎಲ್ಲೂ ಕಂಡಿಲ್ಲ ಎಂದರು. ನನಗೆ ಅಷ್ಟು ಸಾಕಾಗಿತ್ತು.

ಅತ್ತೆಗೆ ಹೇಳಿದಾಗ ಅವರು ತಕ್ಷಣ ಬೇಡ ಎನ್ನಲಿಲ್ಲ. ಅದೇ ನನಗೆ ಆಸೆ ಹುಟ್ಟಿಸಿತು. ನಿನಗೂ ಅವರೆ ಅಂದ್ರೆ ಪ್ರಾಣ, ನಿನ್ನ ಬಾಯಿ ಕಟ್ಟಿ ನಾನು ತಿನ್ನೋದಾ ಎಂದಷ್ಟೇ ಹೇಳಿದರು. ನನಗೆ ಇನ್ನೂ ಬೇಕಾದಷ್ಟು ತಿನ್ನುವುದಿದೆ, ಬಟಾಣಿ ಇದೆ, ತೊಗರಿ ಇದೆ, ಅಲಸಂದೆ ಇದೆ ಎಂದೆ. ನಕ್ಕರು. ಯೋಚನೆ ಮಾಡ್ತೀನಿ ಎಂದರು. ದಿನಗಳು ಹೋಗುತ್ತಿದ್ದವು. ನನಗೋ ಒಳಗೊಳಗೇ ಅವಸರ, ಕೋಪ. ಪ್ರತಿ ಬೆಳಿಗ್ಗೆ ಆ ಯಂತ್ರದ ಕೋಣೆಯ ಬಾಗಿಲು ಮುಚ್ಚಿಕೊಂಡಾಗಲೆಲ್ಲ ಇನ್ನೊಂದು ದಿನ ಹೋಯಿತು ಎನಿಸುತ್ತಿತ್ತು. ಹೋಟೆಲಿನಲ್ಲಿ ರುಚಿ ಗೊತ್ತಾಗ್ತಿದೆಯಾ ಅತ್ತೆ ಎಂದು ದಿನವೂ ಕೇಳುತ್ತಿದ್ದೆ. ಗೊತ್ತಾಗ್ತೈತೆ, ಚೆನ್ನಾಗೈತೆ ಎನ್ನುತ್ತಿದ್ದರು. ಸಂಕ್ರಾಂತಿ ಬಂತು, ಹೋಯಿತು. ಯಜಮಾನರು ಬಂದು ಕಬ್ಬು, ಎಳ್ಳುಬೆಲ್ಲ ಕೊಟ್ಟು ಹೋದರು. ಇನ್ನು ಹೇಳಿ ಪ್ರಯೋಜನವಿಲ್ಲ ಎಂದು ನಾನು ಆ ಮಾತನ್ನೇ ಬಿಟ್ಟುಬಿಟ್ಟೆ. ರಾತ್ರಿ ಗೋಡೆ ಕಡೆ ತಿರುಗಿ ಮಲಗಿ ಅಳುತ್ತಿದ್ದೆ. ಅತ್ತೆಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಹಬ್ಬವಾದ ನಂತರದ ಒಂದು ಬೆಳಿಗ್ಗೆ ಅವರು ತಲೆ ಬಾಚಿಕೊಳ್ಳುತ್ತಾ, ಇವತ್ತು ಗುಡಿಗೆ ಹೋಗಿ ಹಂಗೇ ಗೌರಮ್ಮನ ಹೋಟ್ಲಿಗೆ ಹೋಗಣ ಎಂದರು. ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಕಾಲಿಗೆ ಬೀಳಬೇಕೆನಿಸಿತು.

ಆಸ್ಪತ್ರೆಯಿಂದ ನೇರವಾಗಿ ಗುಡಿಗೆ ಬಂದೆವು. ಅತ್ತೆಯ ಮುಂದೆಯೇ ಗಣಪತಿಗೆ ಕೈ ಮುಗಿದು, ಇವರು ಗಂಗೆಯಲ್ಲಿ ಬಿಟ್ಟದ್ದನ್ನು ಇನ್ನು ನಾನು ಬಿಟ್ಟಿದ್ದೀನಪ್ಪ, ಇವರ ಮೇಲೆ ಯಾವ ದೋಷವೂ ಬರದಿರಲಿ ಎಂದು ಗಟ್ಟಿಯಾಗಿ ಹೇಳಿದೆ. ಅತ್ತೆ ಕಂಬಕ್ಕೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಅರ್ಚಕರು ಇಬ್ಬರಿಗೂ ತೀರ್ಥ ಕೊಟ್ಟರು.

ಹೋಟೆಲಿನಲ್ಲಿ ಅವತ್ತು ನಾವೇ ಮೊದಲ ಗಿರಾಕಿಗಳು. ಇಳಿಸಿದ ಸಾರಿನ ಮುಚ್ಚಳ ತೆಗೆಯುತ್ತಿದ್ದ ಗೌರಮ್ಮನಿಗೆ ಹೇಳಿದೆ, ಇವತ್ತು ಅಮ್ಮನಿಗೆ ಬೇಳೆ ಸಾರು ಕೊಡಿ ಎಂದು. ಅವಳಿಗೂ ಕಾಶಿಯ ವಿಷಯ ಗೊತ್ತಿತ್ತು, ಬಟ್ಟಲು ತುಂಬಾ ಬೇಳೆಯೇ ಬರುವ ಹಾಗೆ ತಳದಿಂದ ಎತ್ತಿ ಹಾಕಿದಳು, ತುಪ್ಪ ಜಾಸ್ತಿಯೇ ಸುರಿದಳು. ನನಗೆ ಸೊಪ್ಪಿನ ಸಾರು. ಅತ್ತೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಎರಡು ಬೇಳೆ ಸೇರಿಸಿ ಬಾಯಿಗಿಟ್ಟುಕೊಂಡರು. ನಾನು ನನ್ನ ತಟ್ಟೆಗೆ ಕೈಯನ್ನೇ ಹಾಕಿರಲಿಲ್ಲ.

ಅವರ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಚೆನ್ನಾಗೈತೆ ಕಣೇ" ಎಂದರು. ಇನ್ನೊಂದು ತುತ್ತು ತಿಂದು, "ನಮ್ಮ ಹೊಲದ್ದೇ ಕಾಳು ಇದ್ದಂಗೈತೆ. ಎಲ್ಲ ಸಮಾ ಬಿದ್ದೈತೆ, ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ" ಎಂದರು.

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ಆ ಚಳಿಗಾಲದಲ್ಲಿ ನನಗೆ ಗೆಲುವು ಎಂದು ಸಿಕ್ಕಿದ್ದು ಅದೊಂದೇ. ಕಾಯಿಲೆ ಏನಾದರೂ ಮಾಡಿಕೊಳ್ಳಲಿ, ಇದನ್ನಂತೂ ನಾವು ಅದರ ಕೈಯಿಂದ ಕಿತ್ತುಕೊಂಡೆವು ಎನಿಸಿತು. ನಾನೂ ಊಟಕ್ಕೆ ಶುರು ಮಾಡಿದೆ. ಯಜಮಾನರಿಗೆ ಫೋನ್ ಮಾಡಿ ಅಮ್ಮ ತಿಂದರು ಎಂದು ಹೇಳುವುದನ್ನೇ ಮನಸ್ಸಿನಲ್ಲಿ ಆಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇಬ್ಬರು ಆಟೋದವರು ಬಂದು ಹಿಂದಿನ ಮೇಜಿನಲ್ಲಿ ಕೂತರು, ಅವರಿಗೂ ಬೇಳೆ ಸಾರು ಬಡಿಸಿದರು. ಅವರಲ್ಲೊಬ್ಬ ಗೌರಮ್ಮನ ಗಂಡನನ್ನು ಕರೆದು ಏನೋ ಹೇಳಿದ. ಒಳಗೆ ಗಂಡ ಹೆಂಡಿರ ನಡುವೆ ಪಿಸುಪಿಸು ಮಾತಾಯಿತು. ಗೌರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ದುಡುದುಡು ನಮ್ಮ ಮೇಜಿಗೆ ಬಂದಳು.

"ಅಮ್ಮಾ, ತಿನ್ಬೇಡಿ, ಕೊಡಿ ಇಲ್ಲಿ. ಬೇಳೆ ಸಾರಿಗೆ ಉಪ್ಪೇ ಹಾಕಿಲ್ಲ. ಇವರು ಹಾಕಿದಾರೆ ಅಂತ ನಾನು, ನಾನು ಹಾಕಿದೀನಿ ಅಂತ ಇವರು. ಒಂದು ಹರಳೂ ಬಿದ್ದಿಲ್ಲ. ಇಷ್ಟು ವರ್ಷದಲ್ಲಿ ಹಿಂಗಾಗಿರ್ಲಿಲ್ಲ, ಇವತ್ತೇ ಆಗ್ಬೇಕಾ."

ಅವಳು ಬಟ್ಟಲಿಗೆ ಕೈ ಹಾಕಿದಳು. ಅತ್ತೆ ಎಡಗೈಯನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟರು. ಇರಲಿ ಬಿಡಮ್ಮ, ನಂಗೆ ಸರಿಯಾಗೈತೆ ಎಂದರು. ಗೌರಮ್ಮ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಅವಳಿಗೂ ತಿಳಿಯಿತು. ಒಳಗೆ ಹೋದಳು.

ನಾನು ಅವರೆ ಬಿಟ್ಟವಳು. ಬೆರಳು ಅದ್ದಿ ನೋಡುವ ಹಾಗೂ ಇರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

"ಯಾವಾಗಿಂದ ಅತ್ತೆ?" ಎಂದೆ.

"ಕಾಫಿ ಬಿಸಿನೀರಾಗಿ ಎಂಟತ್ತು ದಿನ ಆಯ್ತು" ಎಂದರು. "ಈಗ ಖಾರ ಒಂದು ಉರೀತೈತೆ, ಅಷ್ಟೇ ಗೊತ್ತಾಗೋದು."

ಹಾಗಾದರೆ ಆ ಕಣ್ಣೀರು ಖಾರದ್ದು. ಬೆಳಿಗ್ಗೆ ಗುಡಿಗೆ ಹೋಗೋಣ ಎಂದಾಗಲೂ ಅವರಿಗೆ ಇದು ಗೊತ್ತಿತ್ತು, ನಾನು ದೇವರ ಮುಂದೆ ನಿಂತು ಗಟ್ಟಿಯಾಗಿ ಹೇಳುತ್ತಿದ್ದಾಗಲೂ ಗೊತ್ತಿತ್ತು. ಅಷ್ಟು ವರ್ಷ ಒಂದು ಕಾಳನ್ನೂ ಬಾಯಿಗೆ ಹಾಕದೆ ಕಾಪಾಡಿಕೊಂಡು ಬಂದದ್ದನ್ನು, ಏನೂ ಸಿಗುವುದಿಲ್ಲ ಎಂದು ಗೊತ್ತಿದ್ದೂ ಮುರಿದಿದ್ದರು. ನನಗೆ ದುಃಖಕ್ಕಿಂತ ಮೊದಲು ಸಿಟ್ಟೇ ಬಂತು.

"ಮತ್ಯಾಕೆ ಹೂಂ ಅಂದ್ರಿ? ನಿಮ್ಮ ನೇಮ ಆದ್ರೂ ಉಳೀತಿತ್ತಲ್ಲ ಅತ್ತೆ."

"ರಾತ್ರಿಯೆಲ್ಲ ಅಳ್ತಿದ್ದೆಯಲ್ಲೇ" ಎಂದರು. "ನಾನು ಗುಣ ಆಗ್ತೀನೋ ಇಲ್ವೋ, ಅದು ನಿನ್ನ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಇದೊಂದಾದ್ರೂ ನೀನು ಅಂದ್ಕೊಂಡಂಗೆ ಆಗ್ಲಿ ಅಂತ. ಗಂಗಮ್ಮಂಗೆ ನಾನು ಹೋಗಿ ಹೇಳ್ಕೋತೀನಿ ಬಿಡು."

ನಾನು ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡೆ. ಹಿಂದಿನ ಮೇಜಿನ ಆಟೋದವರು ಮಾತು ನಿಲ್ಲಿಸಿದ್ದರು. ಅತ್ತೆ ನನ್ನ ಮೊಣಕೈ ಹಿಡಿದು ಕೆಳಗೆ ಇಳಿಸಿದರು, ಊಟದ ಮುಂದೆ ಅಳಬಾರದು ಎಂದರು. ನಾನು ಇನ್ನೂ ಅಳುತ್ತಿದ್ದದ್ದು ನೋಡಿ, "ತಿಂತೀನಿ, ನೋಡು" ಎಂದು ಮುದ್ದೆಯ ಇನ್ನೊಂದು ತುತ್ತು ಮುರಿದುಕೊಂಡರು. ಒಂದೊಂದು ತುತ್ತಿಗೂ ಉರಿ ತಡೆದುಕೊಂಡು, ಬಟ್ಟಲಿನಲ್ಲಿದ್ದ ಬೇಳೆಯನ್ನೆಲ್ಲ ಬೆರಳಿನಿಂದ ಬಳಿದು ಮುಗಿಸುವವರೆಗೂ ಅವರು ನಿಲ್ಲಿಸಲಿಲ್ಲ.